‘ಸಿಸ್ಟಮ್ ರಿಜೆಕ್ಟ್ ಮಾಡಿದೆ’ ಅಂದರೆ ಯಾರು ರಿಜೆಕ್ಟ್ ಮಾಡಿದ ಹಾಗೆ?

ಓದುಗರ ಪ್ರಶ್ನೆ

“ನಮಸ್ಕಾರ ಸಾರ್. ನಾನು ತೀರ್ಥಹಳ್ಳಿ ತಾಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮ ವಾರ್ಡಿನ ಎರಡು ಪ್ರಕರಣ ತಲೆ ತಿನ್ನುತ್ತಿವೆ. ಅಡಿಕೆ ಸುಲಿಯೋ ಕೆಲಸಕ್ಕೆ ಹೋಗುವ ಒಬ್ಬ ವಿಧವೆಯ ಬಿಪಿಎಲ್ ಕಾರ್ಡು ಅನರ್ಹರ ಪಟ್ಟಿಗೆ ಬಂದಿದೆ. ತೀರಿಹೋದ ಗಂಡನ ಹೆಸರಲ್ಲಿ ಕಾರಿದೆಯಂತೆ! ಆ ಮನೆಗೆ ಸಂಕ (ಕಾಲುಸೇತುವೆ) ದಾಟಿ ನಡೆದೇ ಹೋಗಬೇಕು, ಸೈಕಲ್ಲೂ ಹೋಗುವುದಿಲ್ಲ. ಇನ್ನೊಬ್ಬರು ಬಗರ್‌ಹುಕುಂ (ಸರ್ಕಾರಿ ಜಾಗದ ಸಾಗುವಳಿ ಸಕ್ರಮ) ಅರ್ಜಿ ಹಾಕಿದವರು. ಒಂದು ಎಕರೆ ಹತ್ತು ಗುಂಟೆ ತೋಟ, ಮೂವತ್ತು ವರ್ಷದ ಅಡಿಕೆ ಮರ. ‘ಉಪಗ್ರಹದ ಚಿತ್ರದಲ್ಲಿ ಕಾಡು ಅಂತ ಬರ್ತಿದೆ’ ಎನ್ನುತ್ತಾರೆ. ಕಚೇರಿಯಲ್ಲಿ ಕೇಳಿದರೆ ‘ಎಐ ರಿಜೆಕ್ಟ್ ಮಾಡಿದೆ, ನಮ್ಮ ಕೈಲಿ ಏನಿಲ್ಲ’ ಅಂತ ಉತ್ತರ. ಬೆಂಗಳೂರಲ್ಲಿರುವ ನನ್ನ ತಮ್ಮ, ‘ಅಕ್ಕಾ, ಎಐ ಬಂದ್ರೆ ಲಂಚ, ಶಿಫಾರಸು, ಜಾತಿ ಎಲ್ಲ ಹೋಗುತ್ತೆ, ಸ್ವಲ್ಪ ತಾಳಿ’ ಅಂತಾನೆ. ಊರಲ್ಲಿ ಕೆಲವರು ಮುಂದಿನ ಗ್ರಾಮಸಭೆಯಲ್ಲಿ ‘ನಮ್ಮ ಪಂಚಾಯಿತಿಗೆ ಎಐ ಬೇಡ’ ಅಂತ ಠರಾವು ಮಾಡೋಣ ಅಂತಿದ್ದಾರೆ. ಯಾರ ಮಾತು ಸರಿ? ನಾನೇನು ಮಾಡಲಿ?”

ಉತ್ತರ

ನಿಮ್ಮ ಪತ್ರದಲ್ಲಿ ಎರಡು ಕಳವಳ ಒಂದಕ್ಕೊಂದು ಹೆಣೆದುಕೊಂಡಿವೆ. ಯಂತ್ರ ತಪ್ಪು ಮಾಡುತ್ತದೆಯೇ ಎಂಬುದು ಒಂದು. ತಪ್ಪು ಮಾಡಿದಾಗ ಯಾರ ಮೇಜಿನ ಮುಂದೆ ಹೋಗಿ ನಿಲ್ಲಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ: ಮಾಡುತ್ತದೆ, ಮನುಷ್ಯರೂ ಮಾಡುತ್ತಾರೆ. ನ್ಯಾಯ ಅನ್ಯಾಯ ತೀರ್ಮಾನವಾಗುವುದು ಎರಡನೆಯದರಲ್ಲಿ.

‘ಎಐ ರಿಜೆಕ್ಟ್ ಮಾಡಿದೆ’ ಎಂಬ ಮಾತನ್ನೇ ಮೊದಲು ಬಿಡಿಸೋಣ. ಸರ್ಕಾರಿ ಕಚೇರಿಗಳಲ್ಲಿ ಈಗ ಎಐ ಎಂಬ ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ಕೆಲಸ ನಡೆಯುತ್ತವೆ. ಬರೀ ನಿಯಮ ಹಾಕಿ ಸೋಸುವುದು ಒಂದು, ಆದಾಯ 1.2 ಲಕ್ಷ ದಾಟಿದರೆ ಬಿಪಿಎಲ್ ಇಲ್ಲ ಎಂಬಂಥದ್ದು. ಇದರಲ್ಲಿ ಬುದ್ಧಿಯ ಮಾತೇ ಇಲ್ಲ, ಇದು ಜರಡಿ. ಎರಡನೆಯದು ಹೊಂದಿಕೆ: ಒಂದು ಇಲಾಖೆಯ ಪಟ್ಟಿಯ ಮಂಜುನಾಥನೂ ಇನ್ನೊಂದು ಇಲಾಖೆಯ ಪಟ್ಟಿಯ ಮಂಜುನಾಥನೂ ಒಬ್ಬನೇ ಹೌದೋ ಎಂದು ಲೆಕ್ಕ ಹಾಕುವುದು. ಮೂರನೆಯದು ಅಂದಾಜು: ಚಿತ್ರ, ಮುಖ, ಹಳೆಯ ಮಾದರಿಗಳನ್ನು ನೋಡಿ ‘ಇದು ಬಹುಶಃ ಇಂಥದ್ದು’ ಎನ್ನುವುದು. ನಿಜವಾಗಿ ಕೃತಕ ಬುದ್ಧಿಮತ್ತೆ ಎನ್ನಬಹುದಾದದ್ದು ಈ ಕೊನೆಯದು, ಎರಡನೆಯದರಲ್ಲಿ ಅಷ್ಟಿಷ್ಟು.

ನಿಮ್ಮ ಮೊದಲ ಪ್ರಕರಣದಲ್ಲಿ ಕೆಟ್ಟಿರುವಂತೆ ಕಾಣುವುದು ಹೊಂದಿಕೆ, ಎರಡನೆಯದರಲ್ಲಿ ಅಂದಾಜು. ‘ರಿಜೆಕ್ಟ್’ ಎರಡರಲ್ಲೂ ಯಂತ್ರದ್ದಲ್ಲ. ಯಂತ್ರ ಹಾಕಿದ್ದು ಒಂದು ಗುರುತು ಮಾತ್ರ. ಆ ಗುರುತನ್ನೇ ಆದೇಶ ಎಂದು ನಡೆಸಿಕೊಂಡವರು ಮನುಷ್ಯರು. ಕಾರ್ಡು ರದ್ದು ಮಾಡುವ, ಅರ್ಜಿ ತಿರಸ್ಕರಿಸುವ ಅಧಿಕಾರವನ್ನು ಕಾನೂನು ಕೊಟ್ಟಿರುವುದು ಹುದ್ದೆಗೆ, ತಂತ್ರಾಂಶಕ್ಕಲ್ಲ. ಮಾಹಿತಿ ಹಕ್ಕು ಕಾಯ್ದೆ, 2005ರ ಸೆಕ್ಷನ್ 4(1)(ಡಿ) ಪ್ರಕಾರ ಆಡಳಿತಾತ್ಮಕ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣ ತಿಳಿಸುವುದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ. ‘ಸಿಸ್ಟಮ್‌ನಲ್ಲಿ ಹಾಗೆ ಬರ್ತಿದೆ’ ಎಂಬುದು ಕಾರಣವಲ್ಲ, ಕಾರಣ ಎಲ್ಲಿಂದ ಬಂತು ಎಂಬುದಕ್ಕೆ ಸುಳಿವು ಅಷ್ಟೆ.

ಇಲ್ಲದ ಕಾರು ಬಂದದ್ದೆಲ್ಲಿಂದ?

ವಾಹನ ನೋಂದಣಿ ಪಟ್ಟಿ ಇಂಗ್ಲಿಷಿನಲ್ಲಿದೆ. ಪಹಣಿ ಕನ್ನಡದಲ್ಲಿದೆ, ‘ಮಂಜುನಾಥ ಬಿನ್ ನಾಗಪ್ಪ’ ಎಂಬ ರೂಪದಲ್ಲಿ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿಯ ಹೆಸರು ಮೊದಲು, ಗಂಡನದು ಆಮೇಲೆ. ಒಂದು ಕಡೆ ‘ಮಂಜುನಾಥ್ ಎನ್.’, ಮತ್ತೊಂದು ಕಡೆ ‘ಎನ್. ಮಂಜುನಾಥ’, ಇನ್ನೊಂದು ಕಡೆ ‘ಮಂಜಪ್ಪ’. ಆಧಾರ್ ಸಂಖ್ಯೆ ಎರಡೂ ಕಡೆ ಇದ್ದರೆ ಗೊಂದಲ ಕಡಿಮೆ. ಹಳೆಯ ವಾಹನ ದಾಖಲೆಗಳಲ್ಲಿ ಅದು ಇರುವುದಿಲ್ಲ. ಆಗ ತಂತ್ರಾಂಶ ಅಕ್ಷರ ಅಕ್ಷರ ಹೋಲಿಸಿ ಅಂಕ ಕೊಡುತ್ತದೆ: ಹೆಸರಿಗೆ ಇಷ್ಟು, ತಂದೆಯ ಹೆಸರಿಗೆ ಇಷ್ಟು, ವಿಳಾಸಕ್ಕೆ ಇಷ್ಟು. ಒಟ್ಟು ಅಂಕ ಒಂದು ಗಡಿ ದಾಟಿದರೆ ‘ಇವರಿಬ್ಬರೂ ಒಬ್ಬರೇ’.

ಮಲೆನಾಡಿನಲ್ಲಿ ಇದು ಎಡವುವುದಕ್ಕೆ ವಿಶೇಷ ಕಾರಣವಿದೆ. ನಗರದ ವಿಳಾಸದಲ್ಲಿ ಮನೆ ನಂಬರು, ಅಡ್ಡರಸ್ತೆ, ಬಡಾವಣೆ ಇರುತ್ತವೆ; ಹೋಲಿಸಲು ಸಾಮಗ್ರಿ ಸಾಕಷ್ಟು. ನಮ್ಮಲ್ಲಿ ವಿಳಾಸ ಎಂದರೆ ಊರು, ಅಂಚೆ, ತಾಲೂಕು, ಮುಗಿಯಿತು. ಗುಡ್ಡದ ಮೇಲಿನ ಒಂಟಿ ಮನೆಯೂ ಕೆಳಗಿನ ಕೇರಿಯ ಇಪ್ಪತ್ತು ಮನೆಯೂ ಕಾಗದದಲ್ಲಿ ಒಂದೇ ವಿಳಾಸ. ಒಂದೇ ಗ್ರಾಮದಲ್ಲಿ ನಾಗಪ್ಪನ ಮಗ ಮಂಜುನಾಥ ಇಬ್ಬರಿದ್ದರೆ ಹೆಸರು, ತಂದೆ, ವಿಳಾಸ ಮೂರಕ್ಕೂ ಪೂರ್ತಿ ಅಂಕ ಬೀಳುತ್ತದೆ.

ಆ ಗಡಿ ಎಷ್ಟಿರಬೇಕು ಎಂಬುದನ್ನು ಯಾರೋ ಒಬ್ಬರು ಕುಳಿತು ತೀರ್ಮಾನಿಸಿರುತ್ತಾರೆ. ನೂರಕ್ಕೆ 80 ಎಂದಿಟ್ಟರೆ ಹೆಚ್ಚು ಜನ ‘ಸಿಕ್ಕಿಬೀಳುತ್ತಾರೆ’, ಬೇರೆಯವರ ಕಾರು ಇವರ ತಲೆಗೆ ಬರುವುದೂ ಹೆಚ್ಚುತ್ತದೆ. 95 ಎಂದಿಟ್ಟರೆ ಕೆಲವು ನಿಜವಾದ ಅನರ್ಹರು ತಪ್ಪಿಸಿಕೊಳ್ಳುತ್ತಾರೆ. ಇದು ಎಂಜಿನಿಯರ್ ಒಬ್ಬರೇ ಕೂತು ಬರೆದುಬಿಡಬಹುದಾದ ಅಂಕಿಯಲ್ಲ, ಸರ್ಕಾರದ ನೀತಿ. ಸಾಮಾನ್ಯವಾಗಿ ಅದು ಯಾವ ಸುತ್ತೋಲೆಯಲ್ಲೂ ಕಾಣುವುದಿಲ್ಲ.

ತೆಲಂಗಾಣದಲ್ಲಿ ‘ಸಮಗ್ರ ವೇದಿಕ’ ಎಂಬ ವ್ಯವಸ್ಥೆ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿತು. ರಿಕ್ಷಾ ಎಳೆದು ಬದುಕಿದ್ದವನನ್ನು, ಹೆಸರು ಹತ್ತಿರವಿದ್ದ ಇನ್ನೊಬ್ಬ ಕಾರು ಮಾಲೀಕನೊಂದಿಗೆ ಬೆಸೆದು, ಅವನ ಮನೆಯವರ ಪಡಿತರ ನಿಂತ ಪ್ರಕರಣ ದೇಶದ ಗಮನ ಸೆಳೆಯಿತು. 2016ರಿಂದ ಆ ರಾಜ್ಯದಲ್ಲಿ ರದ್ದಾಗಿದ್ದ ಸುಮಾರು 19 ಲಕ್ಷ ಕಾರ್ಡುಗಳನ್ನು ಸ್ಥಳಕ್ಕೆ ಹೋಗಿ ಮರುಪರಿಶೀಲಿಸಿ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ನಮ್ಮಲ್ಲೂ 2024ರ ನವೆಂಬರಿನಲ್ಲಿ ಅನರ್ಹವೆಂದು ಗುರುತಿಸಿದ ಬಿಪಿಎಲ್ ಕಾರ್ಡುಗಳ ಗದ್ದಲ ನೆನಪಿರಬಹುದು. ಕೊನೆಗೆ ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ಹಿಂದಿರುಗಿಸಲು ಸರ್ಕಾರವೇ ಹೇಳಿತು.

‘ಯಂತ್ರ 95 ಪರ್ಸೆಂಟ್ ಸರಿ ಹೇಳುತ್ತದೆ’ ಎಂದು ಯಾರಾದರೂ ಅಂದರೆ ಕಾಗದ ಪೆನ್ನು ತೆಗೆದುಕೊಳ್ಳಿ. ಒಂದು ಕಡೆ 10,000 ಕಾರ್ಡುಗಳಿವೆ, ಅದರಲ್ಲಿ ನಿಜಕ್ಕೂ ಅನರ್ಹರು ನೂರಕ್ಕೆ ಇಬ್ಬರು, ಅಂದರೆ 200 ಎಂದುಕೊಳ್ಳೋಣ. ಯಂತ್ರ ಅವರಲ್ಲಿ 190 ಮಂದಿಯನ್ನು ಹಿಡಿಯುತ್ತದೆ. ಉಳಿದ 9,800 ಅರ್ಹರಲ್ಲಿ ನೂರಕ್ಕೆ ಐದರಂತೆ 490 ಮಂದಿಯ ಮೇಲೂ ಗುರುತು ಹಾಕುತ್ತದೆ. ಪಟ್ಟಿಗೆ ಬಂದವರು ಒಟ್ಟು 680. ಅದರಲ್ಲಿ ನಿರಪರಾಧಿಗಳು 490. ನೂರಕ್ಕೆ 95 ಸರಿಯಿರುವ ಯಂತ್ರದ ಪಟ್ಟಿಯಲ್ಲಿ ನೂರಕ್ಕೆ 72 ಹೆಸರು ತಪ್ಪು! ಇದು ಯಂತ್ರದ ದೋಷವೂ ಅಲ್ಲ. ಅಕ್ಕಿಯಲ್ಲಿ ಹೊಟ್ಟು ಕಡಿಮೆ ಇದ್ದಾಗ ಎಷ್ಟು ಒಳ್ಳೆಯ ಮೊರ ಹಿಡಿದು ಕೇರಿದರೂ ಹೊಟ್ಟಿನ ಜೊತೆ ಅಕ್ಕಿಯೂ ಹೊರಗೆ ಹಾರುತ್ತದೆ. ಹಾರಿದ್ದನ್ನು ಮತ್ತೆ ಕೈಯಲ್ಲಿ ಆರಿಸದೆ ಚೆಲ್ಲಿಬಿಡುವುದು ಮಾತ್ರ ಕೇರುವವರ ತಪ್ಪು.

ಇದೇ ಹೊಂದಿಕೆಯನ್ನು ತಿರುಗಿಸಿ ಬಳಸಿದರೆ ಕಥೆ ಬೇರೆ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ರೈತರ ನೋಂದಣಿಯ ‘ಫ್ರೂಟ್ಸ್’ ಪಟ್ಟಿಯನ್ನೂ ವಿದ್ಯಾರ್ಥಿಗಳ ಪಟ್ಟಿಯನ್ನೂ ಹೊಂದಿಸಿ, ಅರ್ಜಿಯನ್ನೇ ಕೇಳದೆ ವಿದ್ಯಾರ್ಥಿವೇತನ ಹಾಕಿದರು. ಅಲ್ಲಿ ಹೊಂದಿಕೆ ತಪ್ಪಿದರೆ ಒಂದಷ್ಟು ಹಣ ತಪ್ಪು ಖಾತೆಗೆ ಹೋಗುತ್ತದೆ, ವಸೂಲಿ ಮಾಡಬಹುದು. ಇಲ್ಲಿ ತಪ್ಪಿದರೆ ಒಂದು ಮನೆಯ ಅಕ್ಕಿ ನಿಲ್ಲುತ್ತದೆ. ಕೊಡುವುದಕ್ಕೆ ಯಂತ್ರ ಸಾಕು, ಕಸಿಯುವುದಕ್ಕೆ ಸಾಲದು ಎಂಬುದು ನನ್ನ ನಿಲುವು. ಅರವತ್ತು ದಾಟಿಯೂ ಪಿಂಚಣಿ ಬಾರದವರು, ವಿಧವಾ ವೇತನಕ್ಕೆ ಅರ್ಜಿ ಹಾಕಲು ಗೊತ್ತಿಲ್ಲದವರು, ಇವರನ್ನು ಹುಡುಕಲು ಎಐ ಬಳಸಿ ಎಂದು ನಿಮ್ಮ ಗ್ರಾಮಸಭೆ ಒತ್ತಾಯಿಸಿದರೆ ಅದು ತೀರಾ ನ್ಯಾಯವಾದ ಬೇಡಿಕೆ.

ತೋಟ ಕಾಡಾದದ್ದು ಹೇಗೆ?

ಬಗರ್‌ಹುಕುಂ ಅರ್ಜಿಗಳ ಪರಿಶೀಲನೆಗೆ ಕಂದಾಯ ಇಲಾಖೆ ಆಪ್ ಮತ್ತು ಉಪಗ್ರಹ ಚಿತ್ರಗಳನ್ನು ಬಳಸುತ್ತಿದೆ. ಉದ್ದೇಶ ಒಳ್ಳೆಯದೇ: ಸಾಗುವಳಿಯೇ ಮಾಡದ ಜಾಗಕ್ಕೆ ಅರ್ಜಿ ಹಾಕಿದವರು ರಾಜ್ಯದಲ್ಲಿ ಕಡಿಮೆ ಇಲ್ಲ. ಬಯಲುಸೀಮೆಯ ಬಂಜರು ಯಾವುದು, ಉತ್ತ ಹೊಲ ಯಾವುದು ಎಂದು ಹೇಳುವುದು ಚಿತ್ರಕ್ಕೆ ಸುಲಭ. ತೊಡಕು ನಮ್ಮ ಗುಡ್ಡದ್ದು.

ಎಲ್ಲರಿಗೂ ಉಚಿತವಾಗಿ ಸಿಗುವ ಸೆಂಟಿನೆಲ್-2 ಉಪಗ್ರಹದ ಚಿತ್ರವನ್ನೇ ತೆಗೆದುಕೊಳ್ಳಿ. ಅದರ ಒಂದು ಚುಕ್ಕಿ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ 100 ಚದರ ಮೀಟರ್. ಒಂದು ಗುಂಟೆ ಎಂದರೆ 101 ಚದರ ಮೀಟರ್ ಚಿಲ್ಲರೆ. ಉಪಗ್ರಹದ ಕಣ್ಣಿಗೆ ಒಂದು ಗುಂಟೆ ಒಂದು ಚುಕ್ಕಿ ಎಂದು ನೆನಪಿಟ್ಟುಕೊಳ್ಳಿ. ನೀವು ಹೇಳುವ ಒಂದು ಎಕರೆ ಹತ್ತು ಗುಂಟೆ ತೋಟ ಸುಮಾರು ಐವತ್ತು ಚುಕ್ಕಿ. ಚೌಕವಾಗಿದ್ದರೆ ಐವತ್ತು ಸಾಕು. ಮಲೆನಾಡಿನ ತೋಟ ಚೌಕ ಇರುವುದಿಲ್ಲ, ಎರಡು ಗುಡ್ಡದ ನಡುವಿನ ಕಣಿವೆಯಲ್ಲಿ ಹಳ್ಳದ ಗುಂಟ ಉದ್ದಕ್ಕೆ ಚಾಚಿರುತ್ತದೆ. ಅಗಲ ಮೂವತ್ತು ಮೀಟರ್ ಇದ್ದರೆ ಅಡ್ಡಕ್ಕೆ ಮೂರು ನಾಲ್ಕೇ ಚುಕ್ಕಿ, ಅದರಲ್ಲಿ ಅಂಚಿನ ಎರಡೂ ಸಾಮಾನ್ಯವಾಗಿ ಒಂದಷ್ಟು ತೋಟ ಒಂದಷ್ಟು ಕಾಡು. ಪೂರ್ತಿ ತೋಟವೇ ಆಗಿರುವ ಚುಕ್ಕಿ ನಡುವಿನ ಒಂದೆರಡು ಸಾಲು ಮಾತ್ರ.

ಎರಡನೆಯ ತೊಡಕು ಬಣ್ಣ. ಭತ್ತದ ಗದ್ದೆಯನ್ನು ಯಂತ್ರ ಚೆನ್ನಾಗಿ ಗುರುತಿಸುತ್ತದೆ, ಏಕೆಂದರೆ ಗದ್ದೆ ವರ್ಷದಲ್ಲಿ ವೇಷ ಬದಲಿಸುತ್ತದೆ. ಆಷಾಢದಲ್ಲಿ ನೀರು, ಭಾದ್ರಪದದಲ್ಲಿ ಹಸಿರು, ಸುಗ್ಗಿಯಲ್ಲಿ ಹೊಂಬಣ್ಣ, ಆಮೇಲೆ ಬರಿಯ ಕೂಳೆ. ಅಡಿಕೆ ತೋಟ ವರ್ಷವಿಡೀ ಹಸಿರು, ಪಕ್ಕದ ಕಾಡೂ ವರ್ಷವಿಡೀ ಹಸಿರು. ಅಡಿಕೆ ಮರಕ್ಕೆ ಕಾಳುಮೆಣಸು ಹಬ್ಬಿದೆ, ನಡುವೆ ಬಾಳೆ, ಏಲಕ್ಕಿ, ಅಂಚಿನಲ್ಲಿ ಹಲಸು. ಮೇಲಿನಿಂದ ನೋಡುವವರಿಗೆ ಇದು ಹಸಿರು ಕಂಬಳಿ. ಭದ್ರಾವತಿ, ಚನ್ನಗಿರಿ ಕಡೆಯ ಬಯಲಿನ ತೋಟಗಳು ನೂಲು ಹಿಡಿದ ಹಾಗೆ ಸಾಲು ಸಾಲು. ಅಂಥ ತೋಟಗಳ ಚಿತ್ರ ತೋರಿಸಿಯೇ ಯಂತ್ರಕ್ಕೆ ‘ಅಡಿಕೆ ಎಂದರೆ ಇದು’ ಎಂದು ಕಲಿಸಿದ್ದರೆ, ತೀರ್ಥಹಳ್ಳಿಯ ಮಿಶ್ರ ತೋಟ ಅದರ ಲೆಕ್ಕದಲ್ಲಿ ತೋಟವೇ ಅಲ್ಲ. ಯಂತ್ರದ ಪಕ್ಷಪಾತ ಎಂದು ದೊಡ್ಡದಾಗಿ ಚರ್ಚೆಯಾಗುವುದು ಬಹುಪಾಲು ಇಷ್ಟೇ: ಕಲಿಸುವಾಗ ಯಾರನ್ನು ತೋರಿಸಲಿಲ್ಲವೋ ಅವರು ಅದಕ್ಕೆ ಕಾಣುವುದಿಲ್ಲ.

ಮೋಡದ ವಿಷಯ ನಿಮಗೆ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ ಸುತ್ತಮುತ್ತ ಬಾನಿನಿಂದ ತೆಗೆದ ಬಣ್ಣದ ಚಿತ್ರ ಎಂದರೆ ಮೋಡದ ಚಿತ್ರ. ರೇಡಾರ್ ಉಪಗ್ರಹ ಮೋಡ ತೂರಿ ನೋಡುತ್ತದೆ, ಆದರೆ ಕಡಿದಾದ ಗುಡ್ಡದ ಮರೆ ಬಿದ್ದ ಕಡೆ ಅದಕ್ಕೂ ಕತ್ತಲು. ಇನ್ನು ಮೊಬೈಲಿನ ಜಿಪಿಎಸ್ ದಟ್ಟ ಮರದಡಿ ಹತ್ತಾರು ಮೀಟರ್ ಜಾರುವುದು ಸಾಮಾನ್ಯ. ತೋಟದ ಸುತ್ತ ನಡೆದು ಗಡಿ ಗುರುತಿಸಿದವರ ಮೊಬೈಲು ಹದಿನೈದು ಮೀಟರ್ ಜಾರಿದರೂ ಮೂವತ್ತು ಮೀಟರ್ ಅಗಲದ ತೋಟ ಅರ್ಧ ಗುಡ್ಡ ಹತ್ತಿ ಕೂತಿರುತ್ತದೆ. ಹಳೆಯ ಸರ್ವೆ ದಾಖಲೆಗಳಾದ ಟಿಪ್ಪಣಿ, ಆಕಾರ್‌ಬಂದ್ ನೋಡಿ ಬರೆದ ನಕ್ಷೆಗೂ ಉಪಗ್ರಹದ ಚಿತ್ರಕ್ಕೂ ಮೊದಲೇ ಹೊಂದಿಕೆ ಕಡಿಮೆ.

ಹಾಗಾಗಿ ನಿಮ್ಮವರ ಪ್ರಕರಣದಲ್ಲಿ ಮೊದಲು ಕೇಳಬೇಕಾದದ್ದು ‘ನೀವು ನೋಡಿದ ಚಿತ್ರ ಯಾವ ದಿನಾಂಕದ್ದು, ಅದರ ಮೇಲೆ ನಮ್ಮ ಜಾಗದ ಗಡಿ ಎಲ್ಲಿ ಬಿದ್ದಿದೆ, ಒಂದು ಪ್ರತಿ ಕೊಡಿ’. ಗಡಿಯೇ ತಪ್ಪಿದ್ದರೆ ಮುಂದಿನ ವಾದವೆಲ್ಲ ವ್ಯರ್ಥ, ಮತ್ತೆ ಅಳೆಯಿಸಬೇಕು. ಮೋಡವಿಲ್ಲದ ಫೆಬ್ರುವರಿ, ಮಾರ್ಚ್‌ ಚಿತ್ರ ನೋಡಿ ಎಂದು ಲಿಖಿತವಾಗಿ ಕೋರಿ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ತೆರೆಯುವ ಸೌಲಭ್ಯವಿದೆ. ಮರಗಳ ಸಾಲು ಸ್ಪಷ್ಟ ಕಂಡ ವರ್ಷದ್ದನ್ನು ದಿನಾಂಕ ಕಾಣುವಂತೆ ಅಚ್ಚು ಹಾಕಿಸಿ. ಜೊತೆಗೆ ನೆಲದ ಸಾಕ್ಷಿ: ಪಂಪ್‌ಸೆಟ್ಟಿಗೆ ಮೆಸ್ಕಾಂ ಕೊಟ್ಟ ಆರ್‌ಆರ್ ನಂಬರಿನ ಹಳೆಯ ಬಿಲ್ಲು, ಸೊಸೈಟಿ ಅಥವಾ ಮಂಡಿಯಲ್ಲಿ ಅಡಿಕೆ ಬಿಟ್ಟ ಚೀಟಿಗಳು, ಒತ್ತುವರಿ ದಂಡ ಕಟ್ಟಿದ್ದರೆ ಅದರ ರಸೀದಿ. ಗ್ರಾಮ ಆಡಳಿತಾಧಿಕಾರಿ, ಅಂದರೆ ನಮ್ಮ ಹಳೆಯ ಬಾಯಲ್ಲಿ ಶ್ಯಾನುಭೋಗರು, ಸ್ಥಳಕ್ಕೆ ಬಂದು ಅಕ್ಕಪಕ್ಕದವರ ಸಹಿ ಹಾಕಿಸಿ ಬರೆದ ಮಹಜರು ಇವೆಲ್ಲಕ್ಕಿಂತ ತೂಕದ್ದು. ಒಂದು ಎಚ್ಚರಿಕೆ: ದಾಖಲೆಯಲ್ಲಿ ಆ ಸರ್ವೆ ನಂಬರು ನಿಜಕ್ಕೂ ಅರಣ್ಯವೇ ಆಗಿದ್ದರೆ ಈ ಸಾಕ್ಷಿ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಮರಗಳ ವಯಸ್ಸು ಬೇರೆ, ಜಮೀನಿನ ವರ್ಗ ಬೇರೆ. ಉಪಗ್ರಹವನ್ನು ಬೈಯುವ ಮೊದಲು ಪಹಣಿ ನೋಡಿ.

ತಮ್ಮನ ಮಾತು ಎಷ್ಟು ನಿಜ?

ಅರ್ಧ ನಿಜ. ಪಹಣಿ ಕೈಬರಹದಲ್ಲಿದ್ದ ಕಾಲದಲ್ಲಿ ಒಂದು ಪ್ರತಿಗಾಗಿ ಎಷ್ಟು ಅಲೆಯಬೇಕಿತ್ತು ಎಂಬುದು ಹಿರಿಯರಿಗೆ ಗೊತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು 15 ರೂಪಾಯಿಗೆ ಕಂಪ್ಯೂಟರ್ ಪಹಣಿ ಕೊಟ್ಟಾಗ ಆ ಒಂದು ಬಾಗಿಲು ಎಲ್ಲರಿಗೂ ತೆರೆಯಿತು. ಆದರೆ ಖಾತೆ ಬದಲಾವಣೆ, ಪೋಡಿ (ಜಮೀನು ವಿಭಜನೆ), ಅಳತೆಯ ಅಲೆದಾಟ ಹಾಗೇ ಉಳಿಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಕಂಪ್ಯೂಟರ್ ಬಂದರೂ ಕೆಲಸ ತಪ್ಪಲಿಲ್ಲ, ಪೂಜಾರಿ ಕೂರುವ ಜಾಗ ಬದಲಾಯಿತು. ಎಐ ಬಂದಾಗಲೂ ಅಷ್ಟೇ. ಯಂತ್ರ ಹಾಕಿದ ಗುರುತನ್ನು ತೆಗೆಯುವ ಲಾಗಿನ್ ಯಾರ ಬಳಿ ಇದೆಯೋ, ಆ ಗುರುತಿನ ಕಾರಣ ಯಾರಿಗೆ ಮಾತ್ರ ಕಾಣುತ್ತದೆಯೋ, ಹೊಸ ಅಂಗಡಿ ಅಲ್ಲಿ ತೆರೆಯುತ್ತದೆ. ಕಾರಣ ಜನರಿಗೂ ಕಂಡರೆ ಆ ಅಂಗಡಿಗೆ ವ್ಯಾಪಾರವಿಲ್ಲ.

ಯಂತ್ರಕ್ಕೆ ಜಾತಿ ಗೊತ್ತಿಲ್ಲ ಎಂಬುದೂ ಹಾಗೇ. ಜಾತಿಯ ಕಲಂ ತೆಗೆದರೂ ಊರಿನ ಕೇರಿಯ ಹೆಸರು, ಅಡ್ಡಹೆಸರು, ಓದಿದ ಹಾಸ್ಟೆಲ್ಲು ಉಳಿಯುತ್ತವೆ. ಹಿಂದಿನ ತೀರ್ಮಾನಗಳನ್ನು ನೋಡಿ ಕಲಿಯುವ ಯಂತ್ರ ಹಿಂದಿನವರ ಓರೆಗಣ್ಣನ್ನೂ ಕಲಿಯುತ್ತದೆ. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಯ ಸಹಾಯಧನದಲ್ಲಿ ಮೋಸ ಹುಡುಕಲು ಅಪಾಯದ ಅಂಕ ಕೊಡುವ ವ್ಯವಸ್ಥೆ ಇತ್ತು. ಆ ದೇಶದ ಪೌರತ್ವ ಇಲ್ಲದಿರುವುದೂ ಅಂಕ ಏರಿಸುತ್ತಿತ್ತು. ಸಾವಿರಾರು ಕುಟುಂಬಗಳು ತಪ್ಪು ಮಾಡದೆ ಸಾಲಕ್ಕೆ ಬಿದ್ದವು. 2021ರ ಜನವರಿಯಲ್ಲಿ ಆ ಹಗರಣಕ್ಕಾಗಿ ಸರ್ಕಾರವೇ ರಾಜೀನಾಮೆ ಕೊಟ್ಟಿತು.

ಆಸ್ಟ್ರೇಲಿಯಾದ ‘ರೋಬೋಡೆಟ್’ ಇನ್ನೂ ಸರಳ, ನಮಗೆ ಇನ್ನೂ ಹತ್ತಿರ. ಅದರಲ್ಲಿ ಎಐ ಇರಲೇ ಇಲ್ಲ, ಬರೀ ಭಾಗಾಕಾರ. ವರ್ಷದ ಆದಾಯವನ್ನು 26ರಿಂದ ಭಾಗಿಸಿ, ಪ್ರತಿ ಎರಡು ವಾರಕ್ಕೂ ಅಷ್ಟೇ ಗಳಿಸಿದ್ದೀರಿ ಎಂದು ಊಹಿಸಿ, ‘ನೀವು ಹೆಚ್ಚು ಭತ್ಯೆ ಪಡೆದಿದ್ದೀರಿ, ವಾಪಸ್ ಕಟ್ಟಿ’ ಎಂದು ನೋಟಿಸ್ ಕಳಿಸಿದರು. ಕೆಲವು ತಿಂಗಳು ಮಾತ್ರ ಕೆಲಸ ಸಿಕ್ಕವರು ಸಿಕ್ಕಿಬಿದ್ದರು. ತಪ್ಪಿಲ್ಲ ಎಂದು ಸಾಬೀತು ಮಾಡುವ ಹೊಣೆಯೂ ಅವರದೇ. 2023ರಲ್ಲಿ ವಿಚಾರಣಾ ಆಯೋಗ ಅದನ್ನು ಕಟುವಾಗಿ ಖಂಡಿಸಿತು. ನಿಮ್ಮ ಅಡಿಕೆ ಸುಲಿಯುವ ಹೆಂಗಸಿಗೆ ಇದನ್ನೇ ತಿರುಗಿಸಿ ಹಾಕಿ ನೋಡಿ. ಕೊಯ್ಲಿನ ನಾಲ್ಕು ತಿಂಗಳು ತಿಂಗಳಿಗೆ 15,000 ಸಂಪಾದಿಸಿದರೆ ವರ್ಷಕ್ಕೆ 60,000. ಯಾರೋ ಒಬ್ಬರು ಡಿಸೆಂಬರಿನ ಕೂಲಿ ನೋಡಿ ಹನ್ನೆರಡರಿಂದ ಗುಣಿಸಿದರೆ 1,80,000. ಬಿಪಿಎಲ್ ಮಿತಿ ದಾಟಿತು! ಇಂಥ ಗುಣಾಕಾರಕ್ಕೆ ಎಐ ಬೇಕಿಲ್ಲ. ಎಐ ಎಂಬ ಹೆಸರು ಬಂದರೆ ಪ್ರಶ್ನೆ ಕೇಳುವವರು ಕಡಿಮೆಯಾಗುತ್ತಾರೆ ಅಷ್ಟೆ.

ಈಗ ಮಾಡಬೇಕಾದದ್ದು

ಆ ಹೆಂಗಸಿನ ಪ್ರಕರಣದಲ್ಲಿ ಮೊದಲ ಕೆಲಸ, ಕಾರು ಎಂದರೆ ಯಾವ ಕಾರು ಎಂದು ತಿಳಿಯುವುದು. ನಾಲ್ಕು ಸಾಧ್ಯತೆಗಳಿವೆ, ನಾಲ್ಕಕ್ಕೂ ಮದ್ದು ಬೇರೆ. ಅದು ಅದೇ ಹೆಸರಿನ ಬೇರೊಬ್ಬನದಿರಬಹುದು. ಗಂಡ ಬದುಕಿದ್ದಾಗ ಹಳೆಯ ಜೀಪೋ ಓಮ್ನಿಯೋ ಮಾರಿ, ಮಾಲೀಕತ್ವ ವರ್ಗಾವಣೆಯ ಫಾರಂ 29, 30 ಕೊಡದೆ ಆರ್‌ಸಿ ಅವನ ಹೆಸರಲ್ಲೇ ಉಳಿದಿರಬಹುದು; ನಮ್ಮ ಕಡೆ ಇದು ತೀರಾ ಸಾಮಾನ್ಯ. ಬೇರೆ ಯಾರೋ ಅವನ ಕಾಗದ ಬಳಸಿ ಸಾಲದ ಮೇಲೆ ವಾಹನ ತೆಗೆದಿರಬಹುದು. ಅಥವಾ ಅದು ಬಾಡಿಗೆಗೆ ಓಡಿಸುತ್ತಿದ್ದ ಹಳದಿ ಬೋರ್ಡಿನದಿರಬಹುದು. ಜೀವನೋಪಾಯಕ್ಕೆ ಸ್ವಂತ ಓಡಿಸುವ ಒಂದು ವಾಣಿಜ್ಯ ವಾಹನ ಇದ್ದವರನ್ನು ಬಿಪಿಎಲ್ ಮಾನದಂಡವೇ ಹೊರಗಿಡುವುದಿಲ್ಲ.

ತಾಲೂಕು ಕಚೇರಿಯ ಆಹಾರ ಶಾಖೆಗೆ ಎರಡು ಪ್ರತಿಯಲ್ಲಿ ಅರ್ಜಿ ಕೊಡಿ: ವಾಹನದ ನೋಂದಣಿ ಸಂಖ್ಯೆ ತಿಳಿಸಿ, ಸ್ಥಳ ಪರಿಶೀಲನೆ ಮಾಡಿ, ಅಲ್ಲಿಯವರೆಗೆ ಪಡಿತರ ನಿಲ್ಲಿಸಬೇಡಿ. ಒಂದು ಪ್ರತಿಯ ಮೇಲೆ ಟಪಾಲು ಶಾಖೆಯ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಮೆಟ್ಟಿಲಿಳಿಯಬೇಡಿ. ಬಾಯಿಮಾತಿನ ದೂರಿಗೆ ಮೇಲ್ಮನವಿ ಇಲ್ಲ. ಸಂಖ್ಯೆ ಸಿಕ್ಕ ಮೇಲೆ ಆ ವಾಹನ ನೋಂದಣಿಯಾದ ಆರ್‌ಟಿಒ ಕಚೇರಿಗೆ (ಶಿವಮೊಗ್ಗದ ಕೆಎ-14 ಇರಬಹುದು, ಸಾಗರದ ಕೆಎ-15 ಇರಬಹುದು) ಮರಣ ಪ್ರಮಾಣಪತ್ರದ ಜೊತೆ ಹೋಗಿ ಮಾಲೀಕನ ತಂದೆಯ ಹೆಸರು, ವಿಳಾಸ ತಾಳೆ ನೋಡಲು ಕೇಳಿ. ಮೂರನೆಯ ಸಾಧ್ಯತೆ ನಿಜವಾದರೆ ಪೊಲೀಸ್ ದೂರು ಬೇಕು, ತಡ ಮಾಡಬಾರದು.

ಕಚೇರಿಯಲ್ಲಿ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ‘ಏಕೆ’ ಎಂದು ಕೇಳಬೇಡಿ, ಏಕೆ ಎಂಬುದು ದಾಖಲೆಯಲ್ಲ ಎಂದು ತಳ್ಳಿಹಾಕುತ್ತಾರೆ. ಪ್ರತಿ ಕೇಳಿ. ಹೀಗೆ ಬರೆದರೆ ಸಾಕು:

“ನನ್ನ ಪಡಿತರ ಚೀಟಿಯನ್ನು ಅನರ್ಹವೆಂದು ಗುರುತಿಸಿದ ವಿಷಯದಲ್ಲಿ ಈ ದಾಖಲೆಗಳ ಪ್ರತಿ ಒದಗಿಸಿ. ಗುರುತಿಸಿದ ದಿನಾಂಕ ಇರುವ ಪಟ್ಟಿ ಹಾಗೂ ಆಧರಿಸಿದ ಆದೇಶ ಅಥವಾ ಸುತ್ತೋಲೆ. ನನ್ನ ಕುಟುಂಬದ್ದೆಂದು ಪರಿಗಣಿಸಿದ ವಾಹನದ ನೋಂದಣಿ ಸಂಖ್ಯೆ, ನೋಂದಣಿ ದಿನಾಂಕ, ವರ್ಗ. ಹೊಂದಿಸಲು ಬಳಸಿದ ವಿವರಗಳು ಯಾವುವು (ಹೆಸರು, ಆಧಾರ್, ವಿಳಾಸ) ಎಂದು ತೋರಿಸುವ ದಾಖಲೆ. ಸ್ಥಳ ಪರಿಶೀಲನೆ ನಡೆದಿದ್ದರೆ ಅದರ ವರದಿ. ತೀರ್ಮಾನ ಅನುಮೋದಿಸಿದ ಅಧಿಕಾರಿಯ ಹುದ್ದೆ.”

ವಾಹನದ ವಿವರ ‘ಮೂರನೆಯ ವ್ಯಕ್ತಿಯ ಖಾಸಗಿ ಮಾಹಿತಿ’ ಎಂದು ನಿರಾಕರಿಸಿದರೆ ಬೇಸರ ಬೇಡ. ಅವರದೇ ಎಂದು ಹೇಳಿ ಕಾರ್ಡು ಕಿತ್ತುಕೊಂಡ ಕಾರು ಮೂರನೆಯವರದು ಎಂದು ಸರ್ಕಾರವೇ ಬರೆದುಕೊಟ್ಟ ಹಾಗಾಯಿತು. ಮೇಲ್ಮನವಿಗೆ ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಇದರ ದೌರ್ಬಲ್ಯ ಸಮಯ: ಎರಡು ಮೂರು ತಿಂಗಳು ಸುಲಭವಾಗಿ ಹೋಗುತ್ತದೆ, ಹೊಟ್ಟೆ ಅಷ್ಟು ಕಾಯುವುದಿಲ್ಲ. ಆದ್ದರಿಂದ ಜೊತೆಜೊತೆಗೇ ಆಹಾರ ಭದ್ರತಾ ಕಾಯ್ದೆ, 2013ರ ಸೆಕ್ಷನ್ 15ರಂತೆ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ ದೂರು ಕೊಡಿ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ನೆರವು ಉಚಿತ.

ಮಾಡಬಾರದ್ದು ಎರಡಿವೆ, ಇವು ಗ್ರಾಮಗಳಲ್ಲಿ ದಿನಾ ಆಗುತ್ತವೆ. ಹಳೆಯ ಕಾರ್ಡಿನ ತಕರಾರು ಮುಗಿಯುವ ಮೊದಲೇ ಹೊಸ ಕಾರ್ಡಿಗೆ ಅರ್ಜಿ ಹಾಕಬೇಡಿ. ಎರಡು ದಾಖಲೆ ಕಂಡ ಯಂತ್ರ ‘ನಕಲಿ’ ಎಂಬ ಇನ್ನೊಂದು ಗುರುತು ಹಾಕುತ್ತದೆ. ಹೆಸರು ತಾಳೆಯಾಗಲಿ ಎಂದು ಅವಸರದಲ್ಲಿ ಆಧಾರ್ ಹೆಸರನ್ನೂ ಬದಲಿಸಬೇಡಿ. ಆಧಾರ್‌ನಲ್ಲಿ ಹೆಸರು ಬದಲಾವಣೆಗೆ ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಒಂದು ಕಡೆ ಸರಿಮಾಡಲು ಹೋಗಿ ಬ್ಯಾಂಕ್, ಪಹಣಿ, ಫ್ರೂಟ್ಸ್ ಮೂರೂ ಕಡೆ ತಪ್ಪಿಸಿಕೊಂಡವರಿದ್ದಾರೆ. ಎಲ್ಲ ಕಾಗದ ಮುಂದಿಟ್ಟುಕೊಂಡು ಹೆಚ್ಚು ಕಡೆ ಯಾವ ಬರಹವಿದೆಯೋ ಅದನ್ನೇ ಮೂಲ ಮಾಡಿಕೊಂಡು ಉಳಿದದ್ದನ್ನು ಅದಕ್ಕೆ ತನ್ನಿ.

ನೀವು ಕೇಳದಿದ್ದರೂ ಒಂದು ಮಾತು. ಅಡಿಕೆ ಸುಲಿಯುವವರ ಬೆರಳಿಗೆ ಚೊಗರು ಹತ್ತಿ, ಮೆಟ್ಟುಗತ್ತಿಯ ಕೆಲಸದಲ್ಲಿ ಗೆರೆ ಸವೆದು, ನ್ಯಾಯಬೆಲೆ ಅಂಗಡಿಯ ಯಂತ್ರ ಗುರುತು ಹಿಡಿಯುವುದಿಲ್ಲ. ಬೆರಳಚ್ಚು ತಾಳೆಯಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಪಡಿತರ ನಿರಾಕರಿಸಬಾರದು ಎಂದು 2017ರ ಅಕ್ಟೋಬರಿನಲ್ಲೇ ಕೇಂದ್ರ ಆಹಾರ ಇಲಾಖೆ ರಾಜ್ಯಗಳಿಗೆ ಸೂಚಿಸಿದೆ. ಅಂಗಡಿಯಲ್ಲಿ ಒಟಿಪಿ ಅಥವಾ ಬೇರೆ ದಾರಿ ಕೇಳಿ.

ಠರಾವಿನ ಬಗ್ಗೆ

‘ನಮಗೆ ಎಐ ಬೇಡ’ ಎಂಬ ಠರಾವು ಮೇಲಿನ ಕಚೇರಿಯಲ್ಲಿ ಒಂದು ಕಡತದಲ್ಲಿ ಮಲಗುತ್ತದೆ. ಪಂಚಾಯಿತಿ ಅದನ್ನು ಜಾರಿ ಮಾಡಲೂ ಬರುವುದಿಲ್ಲ, ಏಕೆಂದರೆ ಹೊಂದಿಕೆ ನಡೆಯುವುದು ಬೆಂಗಳೂರಿನಲ್ಲಿ. ಬೇಡ ಎಂದರೆ ಪಿಂಚಣಿ ತಪ್ಪಿದವರನ್ನು ಹುಡುಕುವ ದಾರಿಯನ್ನೂ ನೀವೇ ಮುಚ್ಚಿದ ಹಾಗೆ. ಬದಲಿಗೆ ಅಧಿಕಾರಿಗಳು ಇಲ್ಲ ಎನ್ನಲು ಕಷ್ಟವಾಗುವಂಥದ್ದನ್ನು ಬರೆಯಿರಿ. ಯಾವುದೇ ಸವಲತ್ತಿನಲ್ಲಿ ಅನರ್ಹರೆಂದು ಗುರುತಾದವರ ಪಟ್ಟಿ ಮೊದಲು ಪಂಚಾಯಿತಿಗೆ ಬರಬೇಕು, ಪ್ರತಿಯೊಬ್ಬರಿಗೂ ಕನ್ನಡದಲ್ಲಿ ಕಾರಣ ಬರೆದ ನೋಟಿಸ್ ಹೋಗಬೇಕು, 15 ದಿನ ಆಕ್ಷೇಪಣೆಗೆ ಅವಕಾಶ ಇರಬೇಕು. ಸ್ಥಳ ಮಹಜರಿಲ್ಲದೆ ಯಾವ ಸವಲತ್ತೂ ನಿಲ್ಲಬಾರದು, ತಪ್ಪು ಎಂದು ಸಾಬೀತಾದರೆ ನಿಂತ ತಿಂಗಳುಗಳದ್ದೂ ಸೇರಿಸಿ ಕೊಡಬೇಕು. ಪಟ್ಟಿಯನ್ನು ಗೋಡೆಗೆ ಅಂಟಿಸುವಾಗ ಮಾತ್ರ ಎಚ್ಚರ: ಹೆಸರು, ಕಾರ್ಡಿನ ಕೊನೆಯ ನಾಲ್ಕು ಅಂಕಿ ಸಾಕು. ಆಧಾರ್ ಸಂಖ್ಯೆ, ಕಾಯಿಲೆ, ಬ್ಯಾಂಕ್ ವಿವರ ಊರಿಗೆಲ್ಲ ತಿಳಿಯಬೇಕಾಗಿಲ್ಲ.

ಇದಕ್ಕೆ ಬರುವ ಆಕ್ಷೇಪಣೆ ‘ಅಷ್ಟು ಮಹಜರಿಗೆ ಸಿಬ್ಬಂದಿ ಎಲ್ಲಿ?’ ಎಂದು. ನ್ಯಾಯವಾದ ಆಕ್ಷೇಪಣೆ, ಒಬ್ಬ ಗ್ರಾಮ ಆಡಳಿತಾಧಿಕಾರಿಗೆ ಹಲವು ಹಳ್ಳಿ, ಮಳೆಗಾಲದಲ್ಲಿ ಅರ್ಧಕ್ಕೆ ದಾರಿಯಿಲ್ಲ. ಉತ್ತರವಾಗಿ ಮೇಲಿನ ಲೆಕ್ಕವನ್ನೇ ಇಡಿ: ಹತ್ತು ಸಾವಿರ ಮನೆ ಸುತ್ತಬೇಕಿಲ್ಲ, ಗುರುತು ಬಿದ್ದ 680 ಮನೆ ಮಾತ್ರ. ಯಂತ್ರ ಉಳಿಸಿಕೊಟ್ಟ ಅಲೆದಾಟ ಅದು. ಗ್ರಾಮಸಭೆಯ ಸೂಚನಾಪತ್ರದಲ್ಲಿ ಈ ವಿಷಯವನ್ನು ಮೊದಲೇ ಸೇರಿಸಲು ಪಿಡಿಒ ಅವರಿಗೆ ಬರೆದುಕೊಡಿ, ಆಹಾರ ನಿರೀಕ್ಷಕರನ್ನೂ ಕರೆಸಲು ಕೇಳಿ. ಆ ಹೆಂಗಸನ್ನು ಕರೆತರುವಾಗ ಟಪಾಲು ಮೊಹರು ಬಿದ್ದ ಅರ್ಜಿಯ ಪ್ರತಿ ಕೈಯಲ್ಲಿರಲಿ. ನಡಾವಳಿಯಲ್ಲಿ ಅದರ ದಿನಾಂಕ ನಮೂದಾಗಲೇಬೇಕು.